ಎರಡು ಸ್ಟಿಕ್ಕರ್, ಒಂದೇ ನಂಬರ್

ಲೈಂಗಿಕ ಆರೋಗ್ಯದ ಕ್ಲಿನಿಕ್ಕಿಗೆ ಬಂದವರು ತುಂಬಿಕೊಟ್ಟ ಪ್ರಶ್ನಾವಳಿಯನ್ನು ಅವರ ಕೇಸ್ ಫೈಲಿಗೆ ಜೋಡಿಸ್ತೀನಿ ಅಂದಾಗ ನಮ್ಮ ಅಂಕಿಅಂಶದವರು ನಕ್ಕಿದ್ದರು. "ಅಲ್ಲಿ ನಿಜವಾದ ಹೆಸರೇ ಹೇಳಲ್ಲ, ಏನು ಜೋಡಿಸ್ತೀರಿ?" ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಹಿಡಿದು ಹೊಂದಿಸಿದೆ. ಹತ್ತರಲ್ಲಿ ನಾಲ್ಕು ಸಿಕ್ಕಿದ್ದರೆ ಹೆಚ್ಚು. ಹುಟ್ಟಿದ ದಿನಗಳಲ್ಲಂತೂ ಜನವರಿ 1ರದ್ದೇ ಜಾತ್ರೆ. ಫೆಲೆಗಿ-ಸಂಟರ್ ತೂಕ ಹಾಕಿದೆ, ಅಂದರೆ ಯಾವ ವಿವರ ಹೊಂದಿದರೆ ಇಬ್ಬರೂ ಒಬ್ಬರೇ ಅನ್ನೋಕೆ ಎಷ್ಟು ಬಲ ಅಂತ ಅಂಕ ಕೊಡುವ ಲೆಕ್ಕ. ಕೊನೆಗೆ ನೂರಾರು ಅನುಮಾನದ ಜೋಡಿಗಳನ್ನು ಕಣ್ಣಲ್ಲೇ ನೋಡಬೇಕಾಯಿತು. ಇಬ್ಬರ ಮೂರು ತಿಂಗಳ ಸಂಬಳ, ಅಂದರೆ ಗ್ರಾಂಟಿನ ಹೆಚ್ಚುಕಡಿಮೆ ಕಾಲು ಭಾಗ, ಅದಕ್ಕೇ ಹೋಯಿತು.

ಆಮೇಲೆ ಗುಟ್ಟಿನ ಕೋಡ್: ತಾಯಿ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಿಂಗಳು, ಅಣ್ಣ-ಅಕ್ಕ ಎಷ್ಟು ಜನ. ಕೇಳೋಕೆ ಚೆನ್ನಾಗಿತ್ತು. ಒಬ್ಬರು ತೀರಿಹೋದ ಅಣ್ಣನನ್ನು ಲೆಕ್ಕಕ್ಕೆ ಹಿಡೀಬೇಕಾ ಬೇಡ್ವಾ ಅಂತ ಪೆನ್ನು ಹಿಡಿದು ಕೂತೇ ಇದ್ದರು. ಅವತ್ತೇ ಅದನ್ನು ಕೈಬಿಟ್ಟೆ.

ಇನ್ನೊಬ್ಬರು ಹುಟ್ಟಿದ ದಿನವನ್ನು ಎಸ್‌ಎಚ್‌ಎ-256 ಹ್ಯಾಶ್ ಮಾಡಿದರೆ, ಅಂದರೆ ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಅಕ್ಷರ-ಅಂಕಿಗಳ ಸರವಾಗಿ ಬದಲಿಸಿದರೆ, ಸಾಕು ಅಂತ ಹಟ ಹಿಡಿದಿದ್ದರು. 100 ವರ್ಷಕ್ಕೆ ಇರೋದೇ ಸುಮಾರು 36,525 ದಿನ. ಸುಮ್ನೆ ಎಲ್ಲದರ ಹ್ಯಾಶ್ ತೆಗೆದು, ಅವರದ್ದಕ್ಕೆ ಹೊಂದಿಸಿ ನೋಡಿ, ಅವರು ಕುರ್ಚಿ ಎಳೆದು ಕೂರುವಷ್ಟರಲ್ಲಿ ಅವರ ಹುಟ್ಟಿದ ದಿನವನ್ನೇ ಓದಿ ಹೇಳಿದೆ.

ಗೆದ್ದದ್ದು ಸ್ಟಿಕ್ಕರ್. ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದ ಕೂಡಲೇ ಒಂದೇ ನಂಬರಿನ ಎರಡು: ಒಂದು ಪ್ರಶ್ನಾವಳಿಗೆ, ಇನ್ನೊಂದು ಫೈಲಿನ ಒಳರಟ್ಟಿಗೆ. ಹೊರಗೆ ಅಂಟಿಸಿದರೆ ಕಾಯುತ್ತಾ ಕೂತವರ ಕಣ್ಣಿಗೆ ಬೀಳುತ್ತೆ. ನಂಬರಿನ ಕೊನೆಯಲ್ಲಿ ವೆರ್ಹೂಫ್ ಚೆಕ್ ಅಂಕಿ, ಬರೆಯುವಾಗ ನಂಬರ್ ತಪ್ಪಿದರೆ ಹಿಡಿದುಕೊಡೋಕೆ. ಲೂನ್ ಅನ್ನೋ ಇನ್ನೊಂದು ಚೆಕ್ ಲೆಕ್ಕ ಬೇಡ, 09 ಹೋಗಿ 90 ಆದರೆ ಅದಕ್ಕೆ ಗೊತ್ತಾಗಲ್ಲ. ನಂಬರುಗಳ ಪಟ್ಟಿ ಕ್ಲಿನಿಕ್ಕಿನ ಒಬ್ಬರ ಹತ್ತಿರ ಮಾತ್ರ. ಅವರಿಗೆ ಉತ್ತರ ಕಾಣಲ್ಲ, ನನಗೆ ಹೆಸರು ಕಾಣಲ್ಲ.

ನೂರಕ್ಕೆ 93-94 ಜೋಡಿಯಾದವು. ಉಳಿದವು ಹೆಚ್ಚಾಗಿ ಬಾಗಿಲು ಮುಚ್ಚುವ ಹೊತ್ತಿನ ಫಾರ್ಮುಗಳು. ಖರ್ಚು, ಆ ವ್ಯರ್ಥ ಸಂಬಳದ ಹತ್ತರಲ್ಲೊಂದೂ ಇಲ್ಲ. ನಕ್ಕವರೇ ಈಗ ನಮೂನೆ ಕೇಳ್ತಿದ್ದಾರೆ, ಕೊಟ್ಟಿದ್ದೀನಿ. ರಿಸೆಪ್ಷನ್‌ನವರು ಸ್ಟಿಕ್ಕರ್ ಮರೆಯದಂತೆ ಮಾಡಿದ ಏರ್ಪಾಡು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಜೋಡಿಸಿದ ಮೇಲೆ ಒಂದು ವಿಚಿತ್ರ ಕಂಡಿತು. "ಪರೀಕ್ಷೆ ಮಾಡಿಸಿಲ್ಲ" ಅಂತ ಬರೆದ ಹಲವರ ಫೈಲಿನಲ್ಲಿ ಗೊನೊರಿಯಾ, ಕ್ಲಮೀಡಿಯಾ ಅನ್ನೋ ಎರಡು ಲೈಂಗಿಕ ಸೋಂಕುಗಳ ರಿಪೋರ್ಟೂ ಇತ್ತು. ಸುಳ್ಳಲ್ಲ. ಅವರು ಕೊಟ್ಟಿದ್ದು ಮೂತ್ರ, ಅವರ ಪಾಲಿಗೆ ಪರೀಕ್ಷೆ ಅಂದರೆ ಸೂಜಿ. ಈಗ ಪ್ರಶ್ನೆ ಬದಲಾಗಿದೆ: "ಇಲ್ಲಿ ಡಬ್ಬಿಯಲ್ಲಿ ಮೂತ್ರ ಕೊಟ್ಟಿದ್ದೀರಾ?"