ಆಟಿ (ಜುಲೈ-ಆಗಸ್ಟ್) ಮಳೆಯಲ್ಲಿ ಹಂದಿ ಕಾವಲು: ಟರ್ಪಾಲಿನ ಅಡಿಯಲ್ಲಿ ಒದ್ದೆಯಾಗದೆ ರಾತ್ರಿ ಕಳೆಯುವುದು ಹೇಗೆ?

ಕಾಸರಗೋಡಿನ ಕಾರಡ್ಕ, ದೇಲಂಪಾಡಿ, ಬೆಳ್ಳೂರು ಕಡೆ ತೋಟ ಇರುವವರಿಗೆ ಕಾಡುಹಂದಿಯ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಸರಿಯಾಗಿದ್ದ ಮರಗೆಣಸಿನ ಸಾಲು ಬೆಳಗ್ಗೆ ಉತ್ತ ಗದ್ದೆಯ ಹಾಗೆ ಇರುತ್ತದೆ. ಎಳೆ ಬಾಳೆ ಬುಡ ಸಮೇತ ಮಗುಚಿ ಬಿದ್ದಿರುತ್ತದೆ. ಹಾಗಾಗಿ ಕಾವಲು ಕೂರಲೇಬೇಕು. ಆದರೆ ಹೆಚ್ಚಿನವರು ಮಾಡುವುದೇನು? ಒಂದು ಟರ್ಪಾಲು ಎಳೆದು ಕಟ್ಟಿ, ಅಡಿಗೆ ಒಂದು ಗೋಣಿ ಹಾಸಿ ಕೂರುತ್ತಾರೆ. ಹನ್ನೆರಡು ಗಂಟೆಗೆ ನಡುಕ ಶುರುವಾಗುತ್ತದೆ, ಎರಡಕ್ಕೆ ಎದ್ದು ಮನೆಗೆ ಬರುತ್ತಾರೆ, ಹಂದಿ ಬರುವುದು ಮೂರು ಗಂಟೆಗೆ.

ನಾನು ಹತ್ತಾರು ಮಳೆಗಾಲ ಹೀಗೆ ಕೂತು ಕಲಿತದ್ದು ಇಷ್ಟು: ಟರ್ಪಾಲು ಸೋರಿ ಒದ್ದೆಯಾಗುವುದು ತುಂಬಾ ಕಡಿಮೆ. ನೆಲದಿಂದ, ಹಗ್ಗದಿಂದ, ನಮ್ಮದೇ ಬೆವರಿನಿಂದ ಒದ್ದೆಯಾಗುವುದೇ ಜಾಸ್ತಿ.

ಶುರು ಮಾಡುವ ಮೊದಲು ಒಂದು ವಿಷಯ. ಇದು ಹಂದಿ ಓಡಿಸುವ ಕಾವಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಷ್ಟಕ್ಕೆ ಬೇಟೆಗೆ ಹೋಗುವ ಹಾಗಿಲ್ಲ. ಬೆಳೆ ಹಾಳು ಮಾಡುವ ಹಂದಿಯನ್ನು ಲೈಸೆನ್ಸ್ ಕೋವಿ ಇರುವವರಿಂದ ಹೊಡೆಸಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ನಮ್ಮಷ್ಟಕ್ಕೆ ಉರುಳು ಇಡುವ ಹಾಗಿಲ್ಲ; ವಿಷ, ಸ್ಫೋಟಕ, ಕರೆಂಟಿನ ತಂತಿಗೆ ಅವಕಾಶವೇ ಇಲ್ಲ. ಕೋವಿಯವರು ಬಂದರೂ ಅವರು ರಾತ್ರಿಯಿಡೀ ಕೂರುವುದು ಇದೇ ಟರ್ಪಾಲಿನ ಅಡಿಯಲ್ಲಿ. ಇನ್ನು, ಆನೆ ತಿರುಗಾಡುವ ಜಾಗವಾದರೆ ನೆಲದ ಮೇಲೆ ಕಾವಲು ಕೂರಲೇಬೇಡಿ.

ಮೊದಲು ಜಾಗ. ಹಗಲು ಬೆಳಕಿರುವಾಗಲೇ ನೋಡಿ. ತೆಂಗಿನ ಮರದ ಅಡಿ ಬೇಡ, ಒಣಗಿದ ಕೊಂಬೆ ಇರುವ ಮರದ ಅಡಿಯೂ ಬೇಡ, ಬಯಲಲ್ಲಿ ಒಂಟಿಯಾಗಿ ನಿಂತ ಎತ್ತರದ ಮರದ ಹತ್ತಿರಕ್ಕೂ ಹೋಗಬೇಡಿ. ತೋಟದ ತಗ್ಗಿನಲ್ಲಿ ಗಾಳಿ ಕಡಿಮೆ ಅಂತ ಆಸೆಯಾಗುತ್ತದೆ, ಆದರೆ ರಾತ್ರಿ ನೀರು ಬರುವುದು ಅಲ್ಲಿಗೇ. ಸ್ವಲ್ಪ ಇಳಿಜಾರು ಇರುವ ದಿಣ್ಣೆ ಒಳ್ಳೆಯದು. ಮೇಲ್ಬದಿಗೆ ಒಂದು ಗೇಣು ಆಳದ ಕಣಿ ತೆಗೆದು ನೀರನ್ನು ಬದಿಗೆ ತಿರುಗಿಸಿ.

ಆಮೇಲೆ ಟರ್ಪಾಲು. ಇಬ್ಬರಿಗೆ 12 ಅಡಿ ಅಗಲ 15 ಅಡಿ ಉದ್ದದ್ದು ಬೇಕು. ಸಣ್ಣದು ತಂದರೆ ಇರಚಲು ಕಾಲಿಗೆ ಹೊಡೆಯುತ್ತದೆ. ಎರಡು ಗೂಟದ ನಡುವೆ ಎದೆಯ ಎತ್ತರಕ್ಕೆ ಒಂದು ಹಗ್ಗ ಬಿಗಿದು ಅದರ ಮೇಲೆ ಟರ್ಪಾಲು ಹಾಕಿ. ನಮ್ಮಲ್ಲಿ ಈ ಕಾಲದ ಗಾಳಿ ಪಡುವಣ ಮತ್ತು ನೈಋತ್ಯದಿಂದ ಬರುತ್ತದೆ, ಹಾಗಾಗಿ ಆ ಬದಿಯನ್ನು ನೆಲದಿಂದ ಒಂದು ಗೇಣಿನ ತನಕ ಇಳಿಸಿ ಕಟ್ಟಿ. ಮೂಡು ಬದಿಯನ್ನು ಎತ್ತರಿಸಿ, ಹಂದಿ ಬರುವ ದಾರಿ ಕಾಣಬೇಕಲ್ವಾ. ಆ ಒಂದು ಗೇಣು ಸಂದು ಮುಚ್ಚಬೇಡಿ. ಗಾಳಿ ಆಡದಿದ್ದರೆ ನಮ್ಮ ಉಸಿರೇ ಟರ್ಪಾಲಿನ ಒಳಬದಿಗೆ ಹನಿಯಾಗಿ ಕೂತು ತಲೆಗೆ ಬೀಳುತ್ತದೆ, ನಾವು ಟರ್ಪಾಲು ಸೋರುತ್ತದೆ ಅಂತ ಬೈಯುತ್ತೇವೆ.

ಇಳಿಜಾರು ಚೆನ್ನಾಗಿರಲಿ. ಚಪ್ಪಟೆ ಕಟ್ಟಿದರೆ ನಡುವೆ ಹೊಟ್ಟೆ ಬಂದು ನೀರು ನಿಲ್ಲುತ್ತದೆ. ಒಂದು ಮೀಟರ್ ಚೌಕದಲ್ಲಿ ಬರೇ 5 ಸೆಂಟಿಮೀಟರ್ ನೀರು ನಿಂತರೂ 50 ಕಿಲೋ ಭಾರ. ಮಧ್ಯರಾತ್ರಿ ಟರ್ಪಾಲಿನ ಕಣ್ಣು (ಅಂಚಿನಲ್ಲಿ ಹಗ್ಗ ಕಟ್ಟುವ ತೂತು) ಹರಿದು ಹೋಗುವುದು ಹೀಗೆಯೇ. ಹರಿದರೆ ಗಾಬರಿ ಬೇಡ. ಒಂದು ನೆಲ್ಲಿಕಾಯಿ ಗಾತ್ರದ ನುಣ್ಣನೆಯ ಕಲ್ಲನ್ನು ಟರ್ಪಾಲಿನ ಅಂಚಿನ ಒಳಗೆ ಇಟ್ಟು, ಬಟ್ಟೆಯಲ್ಲಿ ಕಾಸು ಗಂಟು ಹಾಕಿದ ಹಾಗೆ ಹೊರಗಿನಿಂದ ಕುತ್ತಿಗೆಗೆ ಹಗ್ಗ ಸುತ್ತಿ ಕಟ್ಟಿ. ಕಣ್ಣಿಗಿಂತ ಗಟ್ಟಿ ನಿಲ್ಲುತ್ತದೆ. ನೈಲಾನ್ ಹಗ್ಗ ನೆನೆದರೆ ಸಡಿಲವಾಗುತ್ತದೆ, ಮಲಗುವ ಮೊದಲು ಒಮ್ಮೆ ಎಲ್ಲವನ್ನೂ ಎಳೆದು ಬಿಗಿ ಮಾಡಿ.

ಈಗ ಯಾರೂ ಗಮನಿಸದ ಒಂದು ಸಂಗತಿ. ಟಾರ್ಚ್ ಹಾಕಿ ಆ ನಡುವಿನ ಹಗ್ಗವನ್ನೇ ನೋಡಿ. ಗೂಟದಿಂದ ಒಂದು ಹನಿ ಹಗ್ಗದ ಅಡಿಬದಿಗೆ ಅಂಟಿಕೊಂಡು ಮೆಲ್ಲ ಜಾರುತ್ತದೆ, ಟರ್ಪಾಲಿನ ಒಳಗೆ ಬರುತ್ತದೆ, ತಗ್ಗಿದಲ್ಲಿ ನಿಂತು ದಪ್ಪವಾಗಿ ಟಪ್ ಅಂತ ಕಂಬಳಿಗೆ ಬೀಳುತ್ತದೆ. ಅದರ ಹಿಂದೆಯೇ ಇನ್ನೊಂದು. ಟರ್ಪಾಲಿನ ಅಂಚಿನಿಂದ ನಾಲ್ಕು ಬೆರಳು ಹೊರಗೆ, ಹಗ್ಗಕ್ಕೆ ಒಂದು ಬಟ್ಟೆಯ ಚೂರು ಕಟ್ಟಿ ಬಾಲ ಬಿಡಿ. ಹನಿ ಅಲ್ಲಿಗೆ ಬಂದು ಬಾಲ ಹಿಡಿದು ಕೆಳಗೆ ಇಳಿಯುತ್ತದೆ. ಎರಡೂ ಬದಿಗೆ ಮಾಡಿ. ನನಗೆ ಇದನ್ನು ತೋರಿಸಿದ್ದು ಪಕ್ಕದ ತೋಟದ ಭಾವ. "ನೀರಿಗೆ ದಾರಿ ನೀನೇ ಕೊಟ್ಟದ್ದು, ಅದು ಬಾರದೆ ಏನು ಮಾಡೀತು?" ಅಂದಿದ್ದರು.

ಇನ್ನು ನೆಲ. ಒದ್ದೆ ನೆಲ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ನಾಲ್ಕು ಕೆಂಪುಕಲ್ಲು ಇಟ್ಟು ಅದರ ಮೇಲೆ ಅಡಿಕೆ ಸಲಾಕೆ ಜೋಡಿಸಿದರೆ ಅದಕ್ಕಿಂತ ಒಳ್ಳೆಯ ಮಂಚ ಬೇರೆ ಇಲ್ಲ. ಅದಾಗದಿದ್ದರೆ ತೆಂಗಿನ ಮಡಲು ಅಡ್ಡಡ್ಡ ಹಾಕಿ, ಮೇಲೆ ಒಣಗಿದ ಸೋಗೆ ಒಂದು ಮೊಳ ದಪ್ಪ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಕೊನೆಗೆ ಚಾಪೆ. ಕೂತರೆ ಸೋಗೆ ತಗ್ಗುತ್ತದೆ, ಅದಕ್ಕೇ ದಪ್ಪ ಬೇಕು. ಪ್ಲಾಸ್ಟಿಕಿನ ಅಂಚು ಮಾತ್ರ ಟರ್ಪಾಲಿನಿಂದ ಹೊರಗೆ ಇಣುಕಬಾರದು. ಇಣುಕಿದರೆ ಮಾಡಿನ ನೀರೆಲ್ಲ ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನಿನ ಅಡಿಗೆ ಬರುತ್ತದೆ. ಉಂಬಳಕ್ಕೆ (ಜಿಗಣೆಗೆ) ಉಪ್ಪು ಕಟ್ಟಿದ ಬಟ್ಟೆಯ ಗಂಟು ಸಾಕು.

ಬಟ್ಟೆ ಎರಡು ಜೊತೆ. ಒಂದು ಒದ್ದೆಯಾಗುವ ಜೊತೆ, ಒಂದು ಒಣ ಜೊತೆ. ಒಣ ಜೊತೆಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡಿ, ಚೀಲ ಚೆನ್ನಾಗಿ ತೊಳೆದದ್ದಾಗಿರಲಿ. ಒಂದು ಸುತ್ತು ಹೋಗಿ ಬಂದ ಕೂಡಲೇ ಒದ್ದೆಯದ್ದನ್ನು ಬಿಚ್ಚಿ, ಬೈರಾಸಿನಲ್ಲಿ ಮೈ ತಲೆ ಉಜ್ಜಿ ಒರೆಸಿ, ಒಣಗಿದ್ದು ಹಾಕಿ. ಕಷ್ಟ ಇರುವುದು ಮುಂದೆ: ಮತ್ತೆ ಸುತ್ತು ಹೋಗುವಾಗ ಆ ತಣ್ಣಗಿನ ಒದ್ದೆ ಬಟ್ಟೆಯನ್ನೇ ಹಾಕಬೇಕು. ಮನಸ್ಸು ಬರುವುದಿಲ್ಲ. ಆದರೂ ಹಾಕಿ. ಒಣ ಜೊತೆ ಒಮ್ಮೆ ನೆನೆದರೆ ಆ ರಾತ್ರಿ ಮುಗಿಯಿತು. ಹತ್ತಿ ಬಟ್ಟೆ ನೆನೆದರೆ ಬೆಚ್ಚಗೆ ಇಡುವುದಿಲ್ಲ, ಉಣ್ಣೆಯ ಕಂಬಳಿ ಸ್ವಲ್ಪ ನೆನೆದರೂ ಬಿಸಿ ಹಿಡಿದಿಡುತ್ತದೆ. ತೂಕ ಜಾಸ್ತಿ, ಆದರೂ ಹೊತ್ತುಕೊಂಡು ಹೋಗಿ.

ಬೆಂಕಿ ಬೇಕಾದರೆ ಟರ್ಪಾಲಿನಿಂದ ಆರೇಳು ಅಡಿ ದೂರ, ಗಾಳಿ ಹೋಗುವ ಬದಿಗೆ. ಪ್ಲಾಸ್ಟಿಕ್ ಕರಗಿ ಮೈಗೆ ಬಿದ್ದರೆ ಚರ್ಮ ಸಮೇತ ಬರುತ್ತದೆ. ಜೋರು ಮಳೆಗೆ ಎರಡು ಕಲ್ಲಿನ ಮೇಲೆ ಹಳೆ ತಗಡು ಒರಗಿಸಿ ಅದರ ಅಡಿಯಲ್ಲಿ ಹಚ್ಚಿ. ಗೆರಟೆ, ಒಣ ಅಡಿಕೆ ಸಿಪ್ಪೆ, ಒಂದು ತುಂಡು ಹಳೆ ಸೈಕಲ್ ಟ್ಯೂಬು ಮನೆಯಿಂದಲೇ ತನ್ನಿ. ತೋಡಿನ ಕಲ್ಲು ಒಲೆಗೆ ಬೇಡ, ಒಳಗಿನ ನೀರು ಕಾದು ಸಿಡಿಯುತ್ತದೆ. ಎಷ್ಟೇ ಚಳಿಯಾದರೂ ಕೆಂಡದ ಬಾಣಲೆಯನ್ನು ಒಳಗೆ ಇಟ್ಟು ಸುತ್ತ ಮುಚ್ಚಿ ಮಲಗಬೇಡಿ. ಕೆಂಡದ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬೆಚ್ಚಗಾಗಲು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಬೈರಾಸು ಸುತ್ತಿ ಕಾಲಿನ ಹತ್ತಿರ ಇಟ್ಟುಕೊಳ್ಳಿ.

ಫ್ಲಾಸ್ಕಿನಲ್ಲಿ ಬಿಸಿ ಗಂಜಿ, ಜೊತೆಗೆ ಅವಲಕ್ಕಿ ಬೆಲ್ಲ ಇರಲಿ. ಹೊಟ್ಟೆ ಖಾಲಿ ಇದ್ದರೆ ಯಾವ ಕಂಬಳಿಯೂ ಸಾಲದು. ಕುಡಿದರೆ ಬಿಸಿಯಾಗುತ್ತದೆ ಅನ್ನುವುದು ತಪ್ಪು. ಮದ್ಯ ರಕ್ತವನ್ನು ಚರ್ಮದ ಹತ್ತಿರಕ್ಕೆ ತರುತ್ತದೆ, ಮುಖ ಬಿಸಿ ಅನಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಜೊತೆಗಿರುವವರಿಗೆ ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ, ಬೆರಳಿಗೆ ಗುಂಡಿ ಹಾಕಲು ಬಾರದಿದ್ದರೆ ಕಾವಲು ಸಾಕು. ಅವರ ಬಟ್ಟೆ ಬದಲಿಸಿ, ಕಂಬಳಿ ಹೊದಿಸಿ, ಕೂಡಲೇ ಮನೆಗೆ ಕರೆದುಕೊಂಡು ಹೋಗಿ. ನಮ್ಮದು ಚಳಿ ಊರಲ್ಲ ಅಂತ ಸುಮ್ನೆ ಕೂರಬೇಡಿ. ಮೈ ಒದ್ದೆಯಾಗಿ ಗಾಳಿಯೂ ಇದ್ದರೆ ಇಲ್ಲಿಯೂ ಹಾಗಾಗುತ್ತದೆ.

ಬೆಳಗ್ಗೆ ಟರ್ಪಾಲನ್ನು ಒದ್ದೆ ಮಡಚಿ ಮೂಲೆಗೆ ಹಾಕಬೇಡಿ, ಕೊಟ್ಟಿಗೆಯ ಅಡ್ಡಕ್ಕೆ ಬಿಡಿಸಿ ಹಾಕಿ. ಕಂಬಳಿ, ಬಟ್ಟೆ ಬಚ್ಚಲಿನ ಒಲೆಯ ಮೇಲಿನ ಹಗ್ಗಕ್ಕೆ. ಸಂಜೆಯೊಳಗೆ ಕಂಬಳಿ ಪೂರ್ತಿ ಒಣಗಲಿಲ್ಲವಾದರೆ ಆ ರಾತ್ರಿಯ ಸರದಿ ಇನ್ನೊಬ್ಬರಿಗೆ ಬಿಡಿ.