ಬ್ರಷ್‌ನಲ್ಲೇ ಬಣ್ಣ ಹಚ್ಚಿದ ಚಿ-ಹಾ: ನನ್ನ ಅನುಭವ

ಚಿ-ಹಾ ಅನ್ನುವ ಎರಡನೇ ಮಹಾಯುದ್ಧದ ಜಪಾನಿ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಗೆ ನಾಲ್ಕು ಬಣ್ಣದ ಕ್ಯಾಮೊ (ಮರೆಮಾಚುವ ಬಣ್ಣ), ಅದೂ ಹಳದಿ ಪಟ್ಟೆ ಇರುವುದು, ಅದೂ ತಮಿಯಾ ಕಂಪನಿಯ ಅಕ್ರಿಲಿಕ್‌ನಲ್ಲಿ, ಬರೀ ಬ್ರಷ್ ಹಿಡಿದು ಮಾಡುತ್ತೇನೆ ಅಂದಾಗ ಮಾದರಿ ಕಟ್ಟುವವರ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ತಮಿಯಾ ಬಣ್ಣ ಏರ್‌ಬ್ರಷ್‌ಗೆ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನಕ್ಕೆ) ಮಾತ್ರ, ಬ್ರಷ್ ಆಡಿಸಿದರೆ ಕೆಳಗಿನ ಕೋಟ್ ಕಿತ್ತು ಬರುತ್ತದೆ, ಸುಮ್ನೆ ಕಿಟ್ ಹಾಳು ಮಾಡಬೇಡಿ ಅಂದರು. ಕಿತ್ತು ಬರುತ್ತದೆ ಅನ್ನುವುದು ನಿಜವೇ. ನನಗೂ ಎಷ್ಟೋ ಸಲ ಕಿತ್ತು ಬಂದಿದೆ. ಆದರೆ ಮೂರು ಮಳೆಗಾಲ ಕಳೆದು, ಸುಮಾರು ಹದಿನೈದು ಸಾವಿರ ರೂಪಾಯಿ ಹೋದ ಮೇಲೆ ಈಗ ಕೆಲಸ ಕೂಡಿ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಿಟ್ ಯಾವುದು ಅಂತ ಮೊದಲು ಹೇಳುತ್ತೇನೆ. ತಮಿಯಾದ 1/35 (ನಿಜವಾದದ್ದರ ಮೂವತ್ತೈದರಲ್ಲೊಂದು ಅಳತೆಯ) ಟೈಪ್ 97 ಚಿ-ಹಾ, 57 ಮಿ.ಮೀ. ಗನ್ ಇರುವ ಹಳೇ ಟರೆಟ್‌ನದು (ಟರೆಟ್ ಅಂದರೆ ಮೇಲೆ ತಿರುಗುವ ಗೋಪುರ). ಅಚ್ಚು 1975ರದ್ದು. ಇವತ್ತಿಗೂ ರಿವೆಟ್‌ಗಳು ಚೂಪಾಗಿಯೇ ಬರುತ್ತವೆ. ಫೈನ್ ಮೋಲ್ಡ್ಸ್ ಕಂಪನಿಯವರ ಕಿಟ್ ಇನ್ನೂ ನಾಜೂಕು, ಗೊತ್ತು, ಆದರೆ ಪ್ರಯೋಗಕ್ಕೆ ಅಷ್ಟು ದುಡ್ಡು ಹಾಕುವ ಧೈರ್ಯ ಬರಲಿಲ್ಲ. ಇದನ್ನು ಬೆಂಗಳೂರಿನ ಗೆಳೆಯನಿಂದ ಸಾವಿರದ ಎಂಟುನೂರೋ ಏನೋ ಕೊಟ್ಟು ತಂದೆ. ಪೆಟ್ಟಿಗೆ ಹರಿದಿತ್ತು, ಡೆಕಾಲ್ (ಗುರುತುಗಳನ್ನು ಅಂಟಿಸುವ ಹಾಳೆ) ಹಳದಿ ತಿರುಗಿತ್ತು, ಭಾಗಗಳು ಮಾತ್ರ ಒಂದೂ ಕಳೆದಿರಲಿಲ್ಲ.

ನನಗೆ ಬೇಕಾಗಿದ್ದುದು ಮಲಯಾದ (ಈಗ ಮಲೇಷ್ಯಾದ ಭಾಗ) ಟ್ಯಾಂಕು. 1942ರ ಜನವರಿ 7ರ ಬೆಳಗಿನ ಜಾವ ಸ್ಲಿಮ್ ನದಿಯ ಕಡೆ ಟ್ರಂಕ್ ರೋಡ್ ಹಿಡಿದು ಜಪಾನಿ ಟ್ಯಾಂಕುಗಳು ನುಗ್ಗಿದವಲ್ಲ, ಅದು. ಆಗ ಮಲಯಾದಲ್ಲಿ ಬ್ರಿಟಿಷರ ಕಡೆ ಒಂದೇ ಒಂದು ಟ್ಯಾಂಕು ಇರಲಿಲ್ಲ. ಬ್ರಿಟಿಷರ ಕಡೆಯ 11ನೇ ಇಂಡಿಯನ್ ಡಿವಿಷನ್ ಆ ಒಂದೇ ದಿನದಲ್ಲಿ ಚೂರು ಚೂರಾಯಿತು. ಎಲ್ಲರೂ ಜರ್ಮನ್ ಟೈಗರ್, ಪ್ಯಾಂಥರ್ ಕಟ್ಟುತ್ತಾರೆ, ಕಟ್ಟಲಿ. ನಮ್ಮ ಕಡೆಯ ಹುಡುಗರು ರಸ್ತೆಯಲ್ಲಿ ನಿಂತು ಎದುರಿಸಿದ್ದು ಈ ಹದಿನೈದು ಟನ್ನಿನ ರಿವೆಟ್ ಹೊಡೆದ ಡಬ್ಬವನ್ನು. 1/35ರಲ್ಲಿ ಅದು ಹದಿನಾರು ಸೆಂ.ಮೀ.ಗೆ ತುಸು ಕಡಿಮೆ ಉದ್ದ, ಅಂಗೈ ಮೇಲೆ ಕೂರುತ್ತದೆ.

ಮೊದಲ ಸೋಲು ಏರ್‌ಬ್ರಷ್‌ನದ್ದೇ. ಹೌದು, ನಾನೂ ಕೊಂಡಿದ್ದೆ. ಗನ್ನು, ಕಂಪ್ರೆಸರ್, ಪೈಪು, ವಾಟರ್ ಟ್ರ್ಯಾಪ್ ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ. ನಾನಿರುವುದು ಮಂಗಳೂರು. ಜುಲೈ ತಿಂಗಳಲ್ಲಿ ಇಲ್ಲಿ ಒಗೆದ ಪಂಚೆ ನಾಲ್ಕು ದಿನಕ್ಕೂ ಒಣಗುವುದಿಲ್ಲ. ಕಂಪ್ರೆಸರ್ ಆ ಗಾಳಿಯನ್ನೇ ಎಳೆದುಕೊಂಡು ಪೈಪಿನಲ್ಲಿ ನೀರು ಮಾಡುತ್ತದೆ. ವಾಟರ್ ಟ್ರ್ಯಾಪ್ ಇದ್ದರೂ ಅಷ್ಟೆ. ಕ್ಯಾಮೊದ ಮೂರನೇ ಬಣ್ಣ ಹೊಡೆಯುವಾಗ ಟರೆಟ್ ಮೇಲೆ ಚಿಟ್ ಅಂತ ನೀರಿನ ಹನಿ ಹಾರಿ ಬಿತ್ತು, ಬಣ್ಣ ಬಿಳಿಚಿಕೊಂಡಿತು. ಇನ್ನೊಂದು ತಲೆನೋವು ಮಾಸ್ಕಿಂಗ್, ಅಂದರೆ ಬಣ್ಣ ಬೀಳಬಾರದ ಕಡೆ ಮುಚ್ಚುವುದು. ಹಳೇ ಫೋಟೋಗಳಲ್ಲಿ ನೋಡಿ, ಚಿ-ಹಾ ಮೇಲಿನ ಪಟ್ಟೆಗಳ ಅಂಚು ಕತ್ತರಿಸಿದ ಹಾಗೆ ಇರುತ್ತದೆ, ಜರ್ಮನ್ ಟ್ಯಾಂಕಿನ ಹಾಗೆ ಮಸುಕಾಗಿ ಕರಗುವುದಿಲ್ಲ. ಆ ಅಂಚಿಗೆ ಪ್ರತಿ ಬಣ್ಣಕ್ಕೂ ಟೇಪ್ ಕತ್ತರಿಸಿ ಅಂಟಿಸಬೇಕು. ಟೇಪ್ ತೆಗೆದಾಗ ಅಂಚಿನಲ್ಲಿ ದಿಣ್ಣೆ ನಿಲ್ಲುತ್ತದೆ. ಎರಡು ಸಲ ಪೂರ್ತಿ ಬಣ್ಣ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ಕಿತ್ತೆ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜುವಾಗ ಐದಾರು ರಿವೆಟ್ ಹೋದವು. ಅವುಗಳ ಬದಲಿಗೆ ಹಲ್ (ಟ್ಯಾಂಕಿನ ಒಡಲು) ಅಡಿಭಾಗದ ರಿವೆಟ್‌ಗಳನ್ನು ಬ್ಲೇಡ್‌ನಲ್ಲಿ ಕೆರೆದು ತೆಗೆದು, ಸೂಜಿ ತುದಿಯಲ್ಲಿ ಎತ್ತಿ ಮೇಲೆ ಅಂಟಿಸಿದೆ. ಒಂದು ರಿವೆಟ್‌ಗೆ ಹತ್ತು ನಿಮಿಷ.

ಆಗ ತಲೆಗೆ ಹೊಳೆಯಿತು. ಅಂಚು ಕತ್ತರಿಸಿದ ಹಾಗೇ ಇರಬೇಕು ಅಂದ ಮೇಲೆ ಏರ್‌ಬ್ರಷ್ ಯಾಕೆ ಬೇಕು? ಅಂಥ ಅಂಚಿಗೆ ಬ್ರಷ್ಷೇ ಸರಿಯಾದ ಸಾಧನ ಅಲ್ವಾ?

ಏರ್‌ಬ್ರಷ್ ಸೆಟ್ಟನ್ನು ಅರ್ಧ ರೇಟಿಗೆ ಮಾರಿದೆ. ಬ್ರಷ್ ಹಿಡಿದೆ. ಮತ್ತೆ ಸೋತೆ. ಬಾಟಲಿಯಿಂದ ನೇರವಾಗಿ ಹಚ್ಚಿದರೆ ಗೆರೆ ಗೆರೆ. ನೀರು ಬೆರೆಸಿದರೆ ರಿವೆಟ್ ಸುತ್ತ ಕೊಳದ ಹಾಗೆ ನಿಲ್ಲುತ್ತದೆ. ತಮಿಯಾದ್ದೇ ಎಕ್ಸ್-20ಎ ತಿನ್ನರ್ ಬೆರೆಸಿದರೆ ಸರಿಯಾಗಿ ಹರಿಯುತ್ತದೆ, ಆದರೆ ಎರಡನೇ ಕೋಟ್ ಹಾಕುವಾಗ ಮೊದಲನೆಯದು ಕರಗಿ ಬ್ರಷ್‌ಗೆ ಸುತ್ತಿಕೊಳ್ಳುತ್ತದೆ. ಈ ಬಣ್ಣದಲ್ಲಿ ಆಲ್ಕೊಹಾಲ್ ಇದೆ, ಅದೇ ಕಾರಣ. ಎರಡನೇ ಕಿಟ್‌ನ ಹಲ್ ಪೂರ್ತಿ ಈ ಪಾಠಕ್ಕೇ ಹೋಯಿತು.

ಕೆಲಸ ಮಾಡಿದ್ದು ಇಷ್ಟು. ಒಂದು ಪಾಲು ಬಣ್ಣ, ಹೆಚ್ಚುಕಮ್ಮಿ ಒಂದು ಪಾಲು ತಿನ್ನರ್, ಅದಕ್ಕೆ ಅಕ್ರಿಲಿಕ್ ರಿಟಾರ್ಡರ್, ಬಣ್ಣ ಬೇಗ ಒಣಗದ ಹಾಗೆ ತಡೆಯುವ ದ್ರವ. ರಿಟಾರ್ಡರ್ ಎಷ್ಟು ಹನಿ ಅನ್ನುವುದು ನಿಮ್ಮ ಊರಿನ ಗಾಳಿಯ ಮೇಲೆ ಹೋಗುತ್ತದೆ. ನನ್ನ ಲೆಕ್ಕ ಮಳೆಗಾಲಕ್ಕೆ ಒಂದು, ಮಾರ್ಚ್‌ಗೆ ಇನ್ನೊಂದು, ಅದನ್ನು ಇಲ್ಲಿ ಬರೆಯುವುದಿಲ್ಲ, ನಾನು ಒಂದು ವರ್ಷ ಕೂತು ಕಂಡುಕೊಂಡಿದ್ದು. ಬ್ರಷ್ ಚಪ್ಪಟೆಯದ್ದು, ಮೆತ್ತಗಿರುವ ಸಿಂಥೆಟಿಕ್, ಸ್ಟೇಷನರಿ ಅಂಗಡಿಯ ನೂರು ನೂರಿಪ್ಪತ್ತರದ್ದು ಸಾಕು. ಒಂದು ಜಾಗದಲ್ಲಿ ಎರಡೇ ಸಲ ಎಳೆಯಬೇಕು. ಮೂರನೇ ಸಲ ಕೈ ಹೋದರೆ ಕೆಟ್ಟಿತು. ಮೊದಲ ಕೋಟ್ ನೋಡಿದರೆ ಹೊಟ್ಟೆ ಉರಿಯುತ್ತದೆ, ಪ್ರೈಮರ್ ಎಲ್ಲ ಕಾಣುತ್ತಿರುತ್ತದೆ, ತೇಪೆ ತೇಪೆ. ಮುಟ್ಟಬೇಡಿ. ಎತ್ತಿಡಿ. ಮಾರನೇ ದಿನ ಸಂಜೆ ಎರಡನೇ ಕೋಟ್, ಅದರ ಮಾರನೇ ದಿನ ಮೂರನೆಯದು. ನಾಲ್ಕನೆಯದಕ್ಕೆ ಬಣ್ಣ ತುಂಬಿಕೊಂಡು ಸಮನಾಗುತ್ತದೆ, ಐದನೆಯದಕ್ಕೆ ಗೆರೆ ಹುಡುಕಿದರೂ ಸಿಗುವುದಿಲ್ಲ.

ಗುಟ್ಟು ಇರುವುದು ಆ ಒಂದು ದಿನದ ಬಿಡುವಿನಲ್ಲಿ. ಮಂಗಳೂರಿನ ಮಳೆಗಾಲದಲ್ಲಿ ಒಂದು ದಿನ ಬಿಟ್ಟರೂ ಬಣ್ಣ ಒಣಗಿರುವುದಿಲ್ಲ, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ. ಮನೆಯಲ್ಲಿದ್ದ ಹಳೇ ಅಕ್ಕಿ ಡ್ರಮ್ಮನ್ನು ಒಣಗಿಸುವ ಪೆಟ್ಟಿಗೆ ಮಾಡಿಕೊಂಡೆ. ಶೂ ಡಬ್ಬಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕಂಡ ಕಂಡಲ್ಲಿ ಕೇಳಿ ಕೂಡಿಸಿದೆ, ಅಡಿಯಲ್ಲಿ ಅವು, ಮೇಲೆ ತಂತಿಯ ಸ್ಟ್ಯಾಂಡು. ಮುಚ್ಚಳಕ್ಕೆ ತೂತು ಕೊರೆದು ಹಳೇ ಕಾಲದ ಬಲ್ಬ್ ಇಳಿಬಿಟ್ಟೆ. ಮೊದಲು 60 ವ್ಯಾಟ್ ಹಾಕಿದ್ದೆ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಎಡಗಡೆಯ ಫೆಂಡರ್ (ಚಕ್ರಗಳ ಮೇಲಿನ ಮಡ್‌ಗಾರ್ಡ್) ಹಪ್ಪಳದ ಹಾಗೆ ಮೇಲೆದ್ದಿತ್ತು. ಬಿಸಿನೀರಿನಲ್ಲಿ ಅದ್ದಿ ಒತ್ತಿ ನೇರ ಮಾಡಿದೆ, ಗಮನಿಸಿ ನೋಡಿದರೆ ಈಗಲೂ ತುಸು ಸೊಟ್ಟ. ಈಗ 25 ವ್ಯಾಟ್, ಎರಡೇ ಗಂಟೆ, ಆಮೇಲೆ ಬಲ್ಬ್ ಆರಿಸಿ ಬರೀ ಜೆಲ್. ಈ ಡ್ರಮ್ ಬಂದ ಮೇಲೆ ಬಣ್ಣ ಕಿತ್ತು ಬರುವುದು ನಿಂತೇ ಹೋಯಿತು. ಗುಂಪಿನವರು ಬಣ್ಣವನ್ನು ಬೈಯುತ್ತಿದ್ದರು, ತಪ್ಪು ಬಣ್ಣದ್ದಲ್ಲ, ಒಣಗಿಸುವುದರದ್ದು.

ಇನ್ನು ಹಳದಿ ಪಟ್ಟೆ. ಯುದ್ಧದ ಮೊದಲ ವರ್ಷಗಳ ಜಪಾನಿ ಟ್ಯಾಂಕು ಅಂದರೆ ಆ ಪಟ್ಟೆ ಬೇಕೇ ಬೇಕು, 1942ರ ನಂತರ ಅದನ್ನು ಬಿಟ್ಟರು. ಉದ್ದಕ್ಕೊಂದು, ಅಡ್ಡಕ್ಕೊಂದು, ಟರೆಟ್ ಹತ್ತಿರ ಕೂಡಿಕೊಂಡು ಟ್ಯಾಂಕನ್ನು ನಾಲ್ಕು ಭಾಗ ಮಾಡಿದ ಹಾಗೆ ಓಡುತ್ತದೆ. ನಾನು ಕೆಂಗಂದು, ಹಸಿರು, ಮಣ್ಣು ಬಣ್ಣ ಎಲ್ಲ ಹಚ್ಚಿ ಕೊನೆಗೆ ಅದರ ಮೇಲೆ ಹಳದಿ ಎಳೆಯುತ್ತಿದ್ದೆ. ಹಳದಿ ಯಾವತ್ತೂ ಮುಚ್ಚುವುದಿಲ್ಲ. ಏಳು ಕೋಟ್ ಹಾಕಿದರೂ ಹಸಿರಿನ ಮೇಲೆ ಒಂದು ಥರ, ಕಂದಿನ ಮೇಲೆ ಇನ್ನೊಂದು ಥರ, ಪಟ್ಟೆ ಮಾತ್ರ ದಪ್ಪಗೆ ಎದ್ದು ನಿಂತಿರುತ್ತದೆ.

ದಾರಿ ತೋರಿಸಿದವರು ಲಾರಿಗಳಿಗೆ ಬಣ್ಣ ಬರೆಯುವ ಒಬ್ಬರು. ಯಾವುದೋ ಕೆಲಸಕ್ಕೆ ಗ್ಯಾರೇಜಿಗೆ ಹೋಗಿದ್ದಾಗ ಅವರು ಲಾರಿಯ ಹಣೆ ಮೇಲೆ ಹೆಸರು ಬರೆಯುತ್ತಿದ್ದರು. ನಿಂತು ನೋಡಿದೆ. ಅಕ್ಷರ ಬರೆಯುತ್ತಿಲ್ಲ, ಅಕ್ಷರದ ಸುತ್ತ ಕಪ್ಪು ತುಂಬುತ್ತಿದ್ದಾರೆ! ಕೇಳಿದ್ದಕ್ಕೆ, "ಸಾರ್, ಹಳದಿಯನ್ನು ಕಪ್ಪಿನ ಮೇಲೆ ಹಾಕಿದ್ರೆ ನಿಲ್ಲಲ್ಲ. ಮೊದಲು ಹಳದಿ ಬಳಿದು ಬಿಡಿ, ಆಮೇಲೆ ಕಪ್ಪು ಬಂದು ಅಕ್ಷರವನ್ನು ಕತ್ತರಿಸಬೇಕು" ಅಂದರು. ಅವತ್ತೇ ಮನೆಗೆ ಬಂದು ಮೂರನೇ ಹಲ್ ತೆಗೆದೆ.

ಪ್ರೈಮರ್ ಮೇಲೆ ಮೊದಲ ಕೆಲಸವೇ ಹಳದಿ. ತಮಿಯಾದ ಹಳದಿ ಎಕ್ಸ್‌ಎಫ್-3, ಅದಕ್ಕೆ ಸ್ವಲ್ಪ ಬಿಳಿ. ಬೇಕಾದ ಅಗಲಕ್ಕಿಂತ ಎರಡರಷ್ಟು ಅಗಲ, ಅಂಚು ಹೇಗಿದ್ದರೂ ಪರವಾಗಿಲ್ಲ. ಹಳದಿಯ ಕೆಳಗೆ ನಾನು ಇನ್ನೊಂದು ಬಣ್ಣ ತೆಳ್ಳಗೆ ಹಾಕುತ್ತೇನೆ, ಪಟ್ಟೆಗೆ ಬಿಸಿಲು ಬಿದ್ದ ಹಾಗೆ ಕಾಣುವುದು ಅದರಿಂದಲೇ, ಅದು ಯಾವುದು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆಮೇಲೆ ಮಣ್ಣು ಬಣ್ಣಕ್ಕೆ ಎಕ್ಸ್‌ಎಫ್-49, ಹಸಿರಿಗೆ ಎಕ್ಸ್‌ಎಫ್-13, ಕಂದಿಗೆ ಎಕ್ಸ್‌ಎಫ್-64. ಮೂರೂ ಎರಡೂ ಕಡೆಯಿಂದ ಬಂದು ಹಳದಿಯನ್ನು ಕತ್ತರಿಸುತ್ತವೆ, ನಡುವೆ ಎರಡು ಮಿ.ಮೀ. ಚಿಲ್ಲರೆ ಉಳಿಯುತ್ತದೆ. ಕೈ ನಡುಗಿದರೆ ಹಸಿರು ತುಸು ಒಳಗೆ ಬರುತ್ತದೆ, ಬರಲಿ, ನಿಜವಾದ ಪಟ್ಟೆಯನ್ನೂ ಯಾರೋ ಕೈಯಲ್ಲೇ ಎಳೆದಿದ್ದು. ಟರೆಟ್ ಸುತ್ತ ಕುದುರೆ ಲಾಳದ ಹಾಗಿರುವ ಆಂಟೆನಾ ಕಂಬಿಯನ್ನು ಕೊನೆಗೆ ಕೂರಿಸಿ, ಇಲ್ಲದಿದ್ದರೆ ಬ್ರಷ್ ಒಳಗೆ ಹೋಗುವುದಿಲ್ಲ. ಕಿಟ್‌ನ ಕಂಬಿ ನನಗೆ ದಪ್ಪ ಅನ್ನಿಸಿ ಅರ್ಧ ಮಿ.ಮೀ. ಹಿತ್ತಾಳೆ ತಂತಿಯಲ್ಲಿ ಬಗ್ಗಿಸಿಕೊಂಡೆ.

ನಡುವೆ ಒಂದು ಬೇರೆ ಪ್ರಯೋಗಕ್ಕೂ ಕೈ ಹಾಕಿದೆ. ಮಲಯಾದ ರಸ್ತೆ ಬದಿ ಅಂದರೆ ಕೆಂಪು ಮಣ್ಣು. ನಮ್ಮ ಹಿತ್ತಲಿನಲ್ಲಿ ಇರುವುದೂ ಅದೇ, ಮುರಕಲ್ಲಿನ ಹುಡಿ. ಅಂಗಡಿಯ ಪಿಗ್ಮೆಂಟ್ (ಮಾದರಿಗೆ ಧೂಳಿನ ಹಾಗೆ ಹಚ್ಚುವ ಬಣ್ಣದ ಪುಡಿ) ಬಾಟಲಿಗೆ ನಾನೂರು ರೂಪಾಯಿ ಯಾಕೆ ಕೊಡಬೇಕು ಅಂತ ಕಲ್ಲು ಕುಟ್ಟಿ ಜರಡಿ ಹಿಡಿದೆ. ಹಾಕಿ ನೋಡಿದರೆ ಟ್ಯಾಂಕಿನ ಮೇಲೆ ಜಲ್ಲಿ ಸುರಿದ ಹಾಗೆ, 1/35ಕ್ಕೆ ಕಣ ತುಂಬಾ ದೊಡ್ಡದು. ಪಂಚೆ ಬಟ್ಟೆಯಲ್ಲಿ ಸೋಸಿದೆ, ಆಗಲೂ ಅಷ್ಟೆ. ಕೊನೆಗೆ ಹುಡಿಯನ್ನು ಲೋಟದ ನೀರಿನಲ್ಲಿ ಕದಡಿ, ದಪ್ಪ ಕಣ ಕೆಳಗೆ ಕೂರಲು ಒಂದು ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ತಟ್ಟೆಗೆ ಬಗ್ಗಿಸಿ ಒಣಗಿಸಿದೆ. ಉಳಿದದ್ದು ಕುಂಕುಮದಷ್ಟು ನುಣುಪು. ಒಂದು ಲೋಟಕ್ಕೆ ಅರ್ಧ ಚಮಚ ಸಿಗುತ್ತದೆ, ಒಂದು ಟ್ಯಾಂಕಿಗೆ ಅಷ್ಟು ಜಾಸ್ತಿಯೇ ಆಯಿತು. ಚಕ್ರಗಳ ನಡುವೆ, ಚಕ್ರಗಳನ್ನು ಹಿಡಿದಿರುವ ಬೆಲ್ ಕ್ರ್ಯಾಂಕ್ ತೋಳುಗಳ ಸಂದಿಯಲ್ಲಿ ಅದು ಕೂತಿರುವುದನ್ನು ಹತ್ತಿರದಿಂದ ನೋಡಬೇಕು, ಅಂಗಡಿಯ ಪಿಗ್ಮೆಂಟ್‌ಗೆ ಆ ಬಣ್ಣ ಬರಲು ಸಾಧ್ಯವೇ ಇಲ್ಲ.

ಎರಡೂ ಫೆಂಡರ್ ಮೇಲಿನ ಸೈಲೆನ್ಸರ್‌ಗೆ ಜಾಲರಿ ಬೇಕು. ಹೊರದೇಶದಿಂದ ಫೋಟೋ-ಎಚ್ (ತೆಳು ಲೋಹದ ಬಿಡಿಭಾಗ) ತರಿಸಿದರೆ ಕಸ್ಟಮ್ಸ್ ಸೇರಿ ಕಿಟ್‌ನಷ್ಟೇ ಆಗುತ್ತದೆ. ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಟೀ ಸೋಸುವ ಜರಡಿ, ಮೂವತ್ತು ರೂಪಾಯಿ. ಕತ್ತರಿಸಿ, ಪೆನ್ಸಿಲ್ ಮೇಲೆ ಉರುಳಿಸಿ ಬಾಗಿಸಿ, ಮುಗಿಯಿತು. ಕಿಟ್‌ನ ವಿನೈಲ್ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಪಟ್ಟಿ) ಬದಲಿಗೆ ಮೆಟಲ್ ಟ್ರ್ಯಾಕ್ ತರಿಸುವ ಗೋಜಿಗೆ ಹೋಗಲಿಲ್ಲ. ಮೇಲಿನ ರೋಲರ್‌ಗಳ ನಡುವೆ ಜೋತು ಬೀಳಬೇಕಾದ ಕಡೆ ಫೆಂಡರ್‌ಗೂ ಟ್ರ್ಯಾಕ್‌ಗೂ ಮಧ್ಯೆ ಸ್ಪಂಜಿನ ತುಂಡು ತುರುಕಿ, ಸೂಪರ್ ಗ್ಲೂ ಹಿಡಿದ ಮೇಲೆ ತೆಗೆದೆ. ಡೆಕಾಲ್ ಹಾಳೆಯನ್ನು ಜಿಪ್ ಕವರಿನಲ್ಲಿ ಹಾಕಿ ಕಿಟಕಿ ಗಾಜಿಗೆ ಅಂಟಿಸಿದೆ, ಡಿಸೆಂಬರ್ ಬಿಸಿಲಿಗೆ ಮೂರು ವಾರದಲ್ಲಿ ಬೆಳ್ಳಗಾಯಿತು.

ಖರ್ಚು ನೋಡಿದರೆ ಏರ್‌ಬ್ರಷ್‌ನಲ್ಲಿ ಹೋಗಿದ್ದು ಐದು ಸಾವಿರ, ಹಾಳಾದ ಎರಡು ಕಿಟ್‌ನದ್ದು ನಾಲ್ಕು, ಉಳಿದದ್ದು ಬಣ್ಣ, ತಿನ್ನರ್, ಕೊರಿಯರ್. ಈ ವಿಧಾನ ಗೊತ್ತಿದ್ದು ಶುರು ಮಾಡಿದ್ದರೆ ಕಿಟ್ ಬಿಟ್ಟು ಎರಡು ಸಾವಿರದ ಒಳಗೆ ಮುಗಿಯುತ್ತಿತ್ತು. ಕೊನೆಯ ಮ್ಯಾಟ್ ವಾರ್ನಿಷ್‌ಗೆ ಮಾತ್ರ ಸ್ಪ್ರೇ ಕ್ಯಾನ್ ಹತ್ತಿರಕ್ಕೂ ಹೋಗಬೇಡಿ. ಮಳೆ ದಿನ ಹೊಡೆದು ಎರಡನೇ ಕಿಟ್‌ನ ಟರೆಟ್ ಮೇಲೆ ಬಿಳಿ ಮಂಜು ಕೂತಿತ್ತು. ನೀರಿನ ವಾರ್ನಿಷ್, ಬ್ರಷ್, ಎರಡು ತೆಳು ಕೋಟ್, ಅದೂ ಡ್ರಮ್ಮಿನಲ್ಲೇ.

ಹೋದ ಸಲ ಬೆಂಗಳೂರಿಗೆ ಒಯ್ದಿದ್ದೆ. ಗುಂಪಿನ ಹಿರಿಯರು ಒಬ್ಬರು, ಬ್ರಷ್ ಬೇಡ ಅಂತ ಎಲ್ಲರಿಗಿಂತ ಜೋರಾಗಿ ಹೇಳಿದ್ದವರು, ಮೊಬೈಲ್ ಟಾರ್ಚ್ ಹಿಡಿದು ಟರೆಟ್ ತಿರುಗಿಸಿ ತಿರುಗಿಸಿ ನೋಡಿ, "ಎಷ್ಟು ಪಿಎಸ್‌ಐನಲ್ಲಿ ಹೊಡೆದ್ರಿ?" ಅಂದರು, ಏರ್‌ಬ್ರಷ್‌ನ ಗಾಳಿಯ ಒತ್ತಡ ಕೇಳುತ್ತಿದ್ದರು. ಬ್ರಷ್ ತೆಗೆದು ಅವರ ಕೈಗೆ ಕೊಟ್ಟೆ.

ಈಗ ಮೇಜಿನ ಮೇಲೆ ಜಪಾನಿನದ್ದೇ ಹಗುರ ಟ್ಯಾಂಕು, ಟೈಪ್ 95 ಹಾ-ಗೋ ಇದೆ. ಅಹಮದ್‌ನಗರದ (ಈಗಿನ ಅಹಿಲ್ಯಾನಗರದ) ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ನಿಜವಾದದ್ದನ್ನು ನೋಡಿ ಬಂದಾಗಿನಿಂದ ಕಟ್ಟಬೇಕು ಅಂತ ಇತ್ತು, ಪಕ್ಕದಲ್ಲಿ ನಿಂತರೆ ಇಷ್ಟು ಚಿಕ್ಕದರಲ್ಲಿ ಮೂರು ಜನ ಹೇಗೆ ಕೂರುತ್ತಿದ್ದರು ಅನ್ನಿಸುತ್ತದೆ. ಟರೆಟ್ ಚಿ-ಹಾದ್ದಕ್ಕಿಂತ ಚಿಕ್ಕದು, ಪಟ್ಟೆಯನ್ನು ಒಂದೂವರೆ ಮಿ.ಮೀ.ಗೆ ಇಳಿಸಬೇಕು. ಹಳದಿ ನಿನ್ನೆ ರಾತ್ರಿ ಹಾಕಿ ಡ್ರಮ್ಮಿನಲ್ಲಿ ಇಟ್ಟಿದ್ದೇನೆ, ನಾಳೆ ಸಂಜೆ ತೆಗೆಯುತ್ತೇನೆ.