ಸದಸ್ಯರೇ ನಡೆಸುವ ಮೇಕರ್‌ಸ್ಪೇಸ್‌ಗೆ ಮೊದಲ ಸಲ ಹೋಗುವಾಗ

ಮೇಕರ್‌ಸ್ಪೇಸ್ ಎಂದರೆ ಉಪಕರಣ, ಯಂತ್ರಗಳನ್ನು ಹಲವರು ಹಂಚಿಕೊಂಡು ಬಳಸುವ ಕಾರ್ಯಾಗಾರ. ಇಂಥ ಕಡೆ ಬಾಗಿಲು ತೆರೆಯುವವರೂ ಕಸ ಗುಡಿಸುವವರೂ ಸದಸ್ಯರೇ. ಹಾಗಾಗಿ ಹೊರಗಿನವರಿಗೆ ಪ್ರವೇಶವಿರುವ ದಿನವನ್ನು ಮೊದಲೇ ಕೇಳಿಕೊಂಡು ಹೋಗಿ. ಕಾಲ್ಬೆರಳು ಮುಚ್ಚುವ ಶೂ ಹಾಕಿ, ಉದ್ದ ಕೂದಲು ಕಟ್ಟಿ, ಉಂಗುರ ತೆಗೆದಿಡಿ. ಡ್ರಿಲ್ ಪ್ರೆಸ್ (ತೂತು ಕೊರೆಯುವ ಯಂತ್ರ), ಲೇತ್ (ವಸ್ತುವನ್ನು ತಿರುಗಿಸಿ ಕಡೆಯುವ ಯಂತ್ರ) ಹತ್ತಿರ ಸುರಕ್ಷತಾ ಕನ್ನಡಕ ಬೇಕೇ ಬೇಕು, ಬಟ್ಟೆಯ ಕೈಗವಸು ಮಾತ್ರ ಬೇಡವೇ ಬೇಡ: ತಿರುಗುವ ಬಿಟ್‌ಗೆ (ಕೊರೆಯುವ ಮೊನೆಗೆ) ಒಂದು ಎಳೆ ಸಿಕ್ಕರೂ ಕೈಯನ್ನೇ ಸುತ್ತಿಕೊಳ್ಳುತ್ತದೆ.

ಲೇಸರ್ ಕಟರ್ ನೋಡುವ ಆಸೆಯಿದ್ದರೆ 3 ಮಿ.ಮೀ. ದಪ್ಪದ ಅಕ್ರಿಲಿಕ್ ಪ್ಲಾಸ್ಟಿಕ್ ತುಂಡು ಒಯ್ಯಿರಿ. ಪಿವಿಸಿ ಖಂಡಿತ ಬೇಡ. ಅದು ಸುಟ್ಟಾಗ ಹೊಮ್ಮುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶಕ್ಕೆ ಅಪಾಯ, ಯಂತ್ರದ ಹಳಿಗಳಿಗೂ ತುಕ್ಕು ಹಿಡಿಸುತ್ತದೆ. ಯಾವುದೆಂದು ಗೊತ್ತಿಲ್ಲದ ಪ್ಲಾಸ್ಟಿಕ್ಕನ್ನು ಪಿವಿಸಿ ಎಂದೇ ಭಾವಿಸಿ.

ತರಬೇತಿ ಆಗದ ಯಂತ್ರದ ಸ್ವಿಚ್ ಮುಟ್ಟಬೇಡಿ. ಅರ್ಧ ಮುಗಿದ ಕೆಲಸವನ್ನು ಕೇಳದೆ ಸರಿಸಲೂಬೇಡಿ. ಹೊರಡುವ ಮುನ್ನ ಹತ್ತು ನಿಮಿಷ ಪೊರಕೆ ಹಿಡಿಯಿರಿ.